ನೆರೆಯ ಎಚ್ಚರಿಕೆ ಬಂತು, ಮೊದಲು ಏನು ಎತ್ತಬೇಕು?

ಆಷಾಢ ಹಿಡಿದರೆ ಕರಾವಳಿಯಿಂದ ಬರುವ ಪತ್ರಗಳಲ್ಲಿ ನೆರೆಯದ್ದೇ ಮಾತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಕುಮಟಾ, ಹೊನ್ನಾವರದ ಹೊಳೆಸಾಲಿನಲ್ಲಿ ಗ್ರಾಮ ಲೆಕ್ಕಿಗಳಾಗಿದ್ದವಳು. ನೀರು ಇಳಿದ ಮೇಲೆ ಕಡತ ಹಿಡಿದು ಮನೆಮನೆಗೆ ಹೋಗಿ ಮಹಜರು ಬರೆಯುವುದು ನನ್ನ ಕೆಲಸವಾಗಿತ್ತು. ಯಾವ ಮನೆಯಲ್ಲಿ ಏನು ಉಳಿಯಿತು, ಏನು ಹೋಯಿತು, ಯಾಕೆ ಹೋಯಿತು ಅನ್ನುವುದನ್ನು ಅಂಗಳದ ಕೆಸರಿನಲ್ಲಿ ನಿಂತು ನೋಡಿದ್ದೇನೆ. ಅದರ ಮೇಲೆಯೇ ಉತ್ತರ ಕೊಡುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮದು ಶರಾವತಿ ದಂಡೆಯ ಮನೆ, ಗೇರುಸೊಪ್ಪೆ ಅಣೆಕಟ್ಟಿನಿಂದ ಕೆಳಗೆ. ಮನೆಯವರು ಗೋವಾದಲ್ಲಿ ಕೆಲಸಕ್ಕಿದ್ದಾರೆ. ಇಲ್ಲಿ ನಾನು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು, ಎರಡು ಆಕಳು. ನೀರು ಬಿಡ್ತಾರೆ ಅಂತ ರಿಕ್ಷಾದಲ್ಲಿ ಮೈಕ್ ಹಾಕಿಕೊಂಡು ಬಂದ ಕೂಡಲೇ ಕೈಕಾಲು ಆಡುವುದಿಲ್ಲ. ಫ್ರಿಜ್ಜು, ಅಕ್ಕಿ, ಕಪಾಟು, ಕಾಗದಪತ್ರ ಎಲ್ಲ ಒಟ್ಟಿಗೇ ನೆನಪಾಗುತ್ತದೆ. ಯಾವುದನ್ನು ಮೊದಲು ಎತ್ತಲಿ?
(ಹೊನ್ನಾವರ ತಾಲೂಕಿನ ಓದುಗರು)

ಉತ್ತರ: ತಂಗಿ, ಮೈಕ್ ಬಂದ ಮೇಲೆ ಯೋಚಿಸಲು ಕೂತರೆ ಯಾರಿಗಾದರೂ ಹಾಗೇ ಆಗುತ್ತದೆ. ಆದರೆ ಶರಾವತಿ ದಂಡೆಯವರಿಗೆ ಒಂದು ಅನುಕೂಲ ಇದೆ. ನಿಮ್ಮ ಹೊಳೆಯ ದೊಡ್ಡ ನೀರು ಹೇಳಿ ಬರುತ್ತದೆ. ಮೇಲೆ ಶರಾವತಿಗೇ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ. ಜಲಾಶಯ ತುಂಬುತ್ತಾ ಬಂದ ಹಾಗೆ ವಿದ್ಯುತ್ ನಿಗಮದವರು ಮೊದಲ ಎಚ್ಚರಿಕೆ, ಎರಡನೇ ಎಚ್ಚರಿಕೆ, ಮೂರನೇ ಎಚ್ಚರಿಕೆ ಅಂತ ಪ್ರಕಟಣೆ ಕೊಡುತ್ತಾರೆ. ಅದು ಪೇಪರಿನಲ್ಲೂ ಬರುತ್ತದೆ. ನಮ್ಮ ಜನ ಮೊದಲನೆಯದನ್ನು ಓದಿ ಪೇಪರ್ ಮಡಚಿ ಇಡುತ್ತಾರೆ, ಮೂರನೆಯದಕ್ಕೆ ಓಡಾಡುತ್ತಾರೆ. ನೀವು ಕೆಲಸವನ್ನು ಮೂರಕ್ಕೂ ಹಂಚಿಕೊಳ್ಳಿ.

ಮೊದಲ ಎಚ್ಚರಿಕೆಗೆ ಕಾಗದಪತ್ರ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆಧಾರ್, ರೇಷನ್ ಕಾರ್ಡ್, ಪಹಣಿ ಹೋದರೆ ಅಷ್ಟು ಹೆದರಬೇಡಿ. ಅವೆಲ್ಲ ಕಂಪ್ಯೂಟರಿನಲ್ಲಿವೆ, ಮತ್ತೆ ತೆಗೆಸಬಹುದು. ತೆಗೆಸಲು ವರ್ಷಗಟ್ಟಲೆ ಅಲೆಯಬೇಕಾದದ್ದು ಹಳೆಯ ಕಾಗದ. ಭೂ ನ್ಯಾಯಮಂಡಳಿಯ ಆದೇಶ, ಗೇಣಿ ಜಮೀನಿನ ಹಕ್ಕಿಗೆ ಅಜ್ಜನ ಕಾಲದಲ್ಲಿ ಕೊಟ್ಟ 7ನೇ ನಮೂನೆ ಅರ್ಜಿಯ ಪ್ರತಿ, ಆ ಹಕ್ಕು ಸಿಕ್ಕಿದ್ದಕ್ಕೆ ಕೊಟ್ಟ 10ನೇ ನಮೂನೆ ಸರ್ಟಿಫಿಕೇಟ್, ಹಿಸ್ಸೆ ಪತ್ರ, ಅರಣ್ಯ ಹಕ್ಕಿಗೆ ಅರ್ಜಿ ಕೊಟ್ಟಾಗಿನ ಸ್ವೀಕೃತಿ. ಇವು ಸಾಮಾನ್ಯವಾಗಿ ಎಲ್ಲಿರುತ್ತವೆ? ಕಪಾಟಿನ ತಳದ ಖಾನೆಯಲ್ಲಿ, ಸೀರೆಯ ಅಡಿಯಲ್ಲಿ. ನೀರು ಮೊದಲು ಸೇರುವುದೇ ಅಲ್ಲಿಗೆ. ಮರದ ಕಪಾಟಾದರೆ ಇನ್ನೂ ಕಷ್ಟ. ನೆನೆದು ಉಬ್ಬಿದ ಖಾನೆ ಎಳೆದರೆ ಬರುವುದಿಲ್ಲ. ಕೊಡಲಿ ತಂದು ಕಪಾಟು ಒಡೆದು, ಮುದ್ದೆಯಾದ ಕಾಗದವನ್ನು ಅಂಗೈ ಮೇಲೆ ಇಟ್ಟುಕೊಂಡು ನನ್ನ ಮುಂದೆ ನಿಂತವರಿದ್ದಾರೆ. ಅವರಿಗೆ ಏನು ಹೇಳಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ. ಆ ಹಳೆಯ ಕಾಗದಗಳನ್ನು ಈಗಲೇ, ಬಿಸಿಲಿರುವಾಗಲೇ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಕಟ್ಟಿ, ಗುಡ್ಡದ ಮೇಲಿರುವ ನೆಂಟರ ಮನೆಯಲ್ಲಿ ಇಡಿ. ಮಗಳ ಮೊಬೈಲಿನಲ್ಲಿ ಫೋಟೊ ತೆಗೆಸಿ ಯಜಮಾನರಿಗೆ ಕಳಿಸಿಡಿ.

ಎರಡನೇ ಎಚ್ಚರಿಕೆಗೆ ಆಕಳು ಮತ್ತು ಅಕ್ಕಿ. ದನಗಳನ್ನು ಹಗಲಲ್ಲೇ ಎತ್ತರದ ಕೊಟ್ಟಿಗೆಗೆ ಸಾಗಿಸಿ. ಕೊನೆ ಗಳಿಗೆಯಲ್ಲಿ ಸಾಗಿಸಲು ಆಗಲಿಲ್ಲ ಅಂದರೆ ದಾಬಿನ ಹಗ್ಗ ಬಿಚ್ಚಿ ಬಿಟ್ಟುಬಿಡಿ. ಬಿಚ್ಚಿದ ಆಕಳು ಈಜಿಕೊಂಡು ದಡ ಸೇರುತ್ತದೆ, ಕಟ್ಟಿದ ಆಕಳಿಗೆ ದಾರಿಯೇ ಇಲ್ಲ. ಅಕ್ಕಿ, ಬೇಳೆ, ಬಟ್ಟೆ, ಮಗಳ ಪುಸ್ತಕ ಇವಕ್ಕೆ ಮುಚ್ಚಳದ ಮೇಲೆ ಕಬ್ಬಿಣದ ಬಳೆ ಬಿಗಿಯುವ ನೀಲಿ ಡ್ರಮ್ ಒಳ್ಳೆಯದು. ತುಂಬಿದ ಡ್ರಮ್ಮನ್ನೂ ಕಂಬಕ್ಕೆ ಕಟ್ಟಿ, ಇಲ್ಲದಿದ್ದರೆ ತೇಲಿ ಹೋಗುತ್ತದೆ.

ಇನ್ನು ಅಟ್ಟ. ಎಲ್ಲರೂ ಅಟ್ಟಕ್ಕೆ ಏರಿಸಿ ನಿಶ್ಚಿಂತೆಯಾಗುತ್ತಾರೆ. ನಿಮ್ಮ ಗೋಡೆ ಚಿರೆಕಲ್ಲಿನದ್ದಾಗಿದ್ದು, ನಡುವೆ ಸಿಮೆಂಟು ಇದ್ದರೆ ಸರಿ. ಮಣ್ಣಿನ ಗೋಡೆಯಾದರೆ ಅಟ್ಟವನ್ನು ನಂಬಬೇಡಿ. ಮಣ್ಣಿನ ಗೋಡೆಯ ಬುಡ ನೀರು ಕುಡಿದು ಮೆತ್ತಗಾಗುತ್ತದೆ. ನೀರು ನಿಂತಿರುವಾಗ ಹೇಗೋ ನಿಂತ ಗೋಡೆ, ನೀರು ಇಳಿದ ಮೇಲೆ ಕುಸಿದದ್ದನ್ನು ನಾನು ತುಂಬಾ ನೋಡಿದ್ದೇನೆ. ತೊಲೆ, ಅಟ್ಟ, ಅದರ ಮೇಲಿನ ಸಾಮಾನು ಎಲ್ಲ ಕೆಳಗೆ. ಅಂಥ ಮನೆಯವರು ಸಾಮಾನನ್ನು ಹೊರಗೇ ಸಾಗಿಸಬೇಕು, ಕಡಿಮೆ ಸಾಗಿಸಿದರೂ ಚಿಂತೆಯಿಲ್ಲ. ನೀರು ಇಳಿದ ಕೂಡಲೇ ಒಳಗೆ ಮಲಗಲೂಬಾರದು.

ಮೂರನೇ ಎಚ್ಚರಿಕೆ ಬಂದಾಗ ನೀವು ಮನೆಯಲ್ಲೇ ಇರಬಾರದು. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ. ಗ್ಯಾಸಿನ ರೆಗ್ಯುಲೇಟರ್ ತೆಗೆದು, ಸಿಲಿಂಡರಿಗೆ ಮುಚ್ಚಳ ಹಾಕಿ, ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ. ಸಿಲಿಂಡರ್ ತೇಲುತ್ತದೆ, ತುಂಬಾ ಜನಕ್ಕೆ ಅದು ಗೊತ್ತಿಲ್ಲ. ಫ್ರಿಜ್ಜೂ ತೇಲುತ್ತದೆ. ತೇಲಿ ಬಾಗಿಲಿಗೆ ಅಡ್ಡ ಬಿದ್ದರೆ ಆಮೇಲೆ ಒಳಗೆ ಹೋಗಲು ಆಗುವುದಿಲ್ಲ. ಜನ ಸಿಕ್ಕರೆ ಎತ್ತಿಸಿ, ಸಿಗದಿದ್ದರೆ ಖಾಲಿ ಮಾಡಿ ಗೋಡೆಗೆ ಕಟ್ಟಿ ಬಿಟ್ಟುಬಿಡಿ. ಫ್ರಿಜ್ಜಿಗಾಗಿ ಒಂದು ಗಂಟೆ ಕಳೆಯಬೇಡಿ ತಂಗಿ. ಅದು ಕಂತಿನಲ್ಲಿ ಮತ್ತೆ ಬರುತ್ತದೆ.

ಅತ್ತೆಯವರ ಮಾತ್ರೆ, ಕನ್ನಡಕ, ಮಗಳ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಬಂಗಾರ, ಚಾರ್ಜರ್, ಟಾರ್ಚು ಇವಿಷ್ಟು ಒಂದು ಕೈಚೀಲದಲ್ಲಿ ನಿಮ್ಮ ಹೆಗಲಿಗೇ ಇರಲಿ. ಇನ್ನೊಂದು ವಿಷಯ. ಅಣೆಕಟ್ಟಿನಿಂದ ಕೆಳಗೆ ಬೀಳುವ ಮಳೆಗೆ ವಿದ್ಯುತ್ ನಿಗಮದ ಯಾವ ಪ್ರಕಟಣೆಯೂ ಇಲ್ಲ. ಹಳ್ಳದ ನೀರು ಗದ್ದೆ ದಾಟಿ ಅಂಗಳದ ಕಡೆ ಬರುತ್ತಿದ್ದರೆ ಎರಡನೇ ಎಚ್ಚರಿಕೆಗೆ, ಮೂರನೇ ಎಚ್ಚರಿಕೆಗೆ ಕಾಯುತ್ತಾ ಕೂರಬೇಡಿ.

ಪ್ರಶ್ನೆ: ಮೇಡಂ, ನಮ್ಮದು ಅಘನಾಶಿನಿ ಪಕ್ಕದ ಊರು. ಮಳೆಗಾಲ ಪೂರ್ತಿ ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಅಂತಿರುತ್ತದೆ. ಎಷ್ಟೋ ಸಲ ಏನೂ ಆಗುವುದಿಲ್ಲ. "ಸುಮ್ನೆ ಶಾಲೆಗೆ ರಜೆ ಕೊಡೋಕೆ ಇದೆಲ್ಲ" ಅಂತಾರೆ ಅಪ್ಪ. ನಾವು ಯಾವಾಗ ಹೆದರಬೇಕು?
(ಕುಮಟಾದ ಕಾಲೇಜು ವಿದ್ಯಾರ್ಥಿ)

ಉತ್ತರ: ಅಪ್ಪನವರಿಗೆ ಬೇಸರ ಬಂದಿರುವುದು ಸಹಜ. ಆದರೆ ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ, ನೀರು ಬರುವುದು ಒಂದು ಹೊಳೆಗೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ನಮ್ಮ ಕಡೆ ಆಷಾಢದಲ್ಲಿ ಮೊದಲನೆಯದು ದಿನನಿತ್ಯದ ಮಳೆಯಂತೆಯೇ ಅನಿಸುತ್ತದೆ. ಅದಕ್ಕೇ ಜನ ಬಣ್ಣ ನೋಡುವುದನ್ನು ಬಿಟ್ಟಿದ್ದಾರೆ.

ಬಣ್ಣದ ಜೊತೆಗೆ ಇನ್ನೆರಡು ನೋಡಿ. ಒಂದು, ಘಟ್ಟದ ಮೇಲಿನ ಮಳೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಗೇಟು ತೆಗೆದರು ಅಂತ ಹೇಳುವವರೂ ಇಲ್ಲ. ಸಿರಸಿ, ಸಿದ್ದಾಪುರದಲ್ಲಿ ರಾತ್ರಿಯಿಡೀ ಹೊಡೆದ ಮಳೆ ನೇರವಾಗಿ ನಿಮ್ಮಲ್ಲಿಗೆ ಇಳಿಯುತ್ತದೆ. ನಿಮ್ಮೂರಿನಲ್ಲಿ ಬಿಸಿಲು ಕಂಡರೂ ನೀರು ಏರಬಹುದು. ಅಲ್ಲಿನ ನೆಂಟರಿಗೆ ಒಂದು ಫೋನ್ ಮಾಡಿ ಮಳೆ ಹೇಗಿದೆ ಅಂತ ಕೇಳಿ. ಎರಡು, ಸಮುದ್ರದ ಭರತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ. ಆ ಹೊತ್ತಿಗೆ ಹೊಳೆಯ ನೀರು ಅಳಿವೆಯಲ್ಲಿ ಹೊರಗೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತುಂಬಿ ತೋಟಕ್ಕೆ, ತೋಟ ತುಂಬಿ ಮನೆಗೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಗಲಿನ ಉಬ್ಬರದಲ್ಲಿ ನೀರು ಅಂಗಳಕ್ಕೆ ಬಂದು ಇಳಿಯಿತು ಅಂದರೆ, ರಾತ್ರಿಯ ಉಬ್ಬರಕ್ಕೆ ಮತ್ತೆ ಬರಬಹುದು. ಇಳಿತದ ಆ ಕೆಲವು ಗಂಟೆಗಳಲ್ಲೇ ಸಾಮಾನು, ಜನ ಎಲ್ಲ ಸಾಗಬೇಕು. ತುಂಬಾ ಮನೆಗಳಲ್ಲಿ ಆ ಹೊತ್ತಿಗೆ "ನೀರು ಇಳೀತು" ಅಂತ ಚಾ ಕುಡಿದು ಮಲಗುತ್ತಾರೆ.

ಅಪ್ಪನವರಿಗೆ ಒಂದು ಕೆಲಸ ಹೇಳಿ. 2019ರ ಆಗಸ್ಟಿನ ನೀರು ನಿಮ್ಮ ಜಗಲಿಯಲ್ಲಿ ಎಲ್ಲಿವರೆಗೆ ಬಂದಿತ್ತು ಅಂತ ಅವರಿಗೆ ಖಂಡಿತ ಗೊತ್ತಿರುತ್ತದೆ. ಅಲ್ಲಿ ಪೇಂಟಿನಿಂದ ಒಂದು ಗೆರೆ ಎಳೆದು ಇಸವಿ ಬರೆಯಲಿ. ಹೊಳೆಗೆ ಇಳಿಯುವ ಮೆಟ್ಟಿಲಿನಲ್ಲೂ ಒಂದು ಗುರುತು ಇರಲಿ. ಆ ಮೆಟ್ಟಿಲಿನ ಗುರುತು ಮುಳುಗಿತು ಅಂದರೆ ಹೊರಡುವುದು ಅಂತ ಮಳೆಗಾಲಕ್ಕೆ ಮೊದಲೇ ಮನೆಮಂದಿ ಎಲ್ಲ ಒಪ್ಪಿಕೊಂಡಿರಬೇಕು. ಆ ರಾತ್ರಿ ಚರ್ಚೆ ಮಾಡಬಾರದು. ಅವರು ತಾವೇ ಹಾಕಿದ ಗೆರೆಯನ್ನು ಅವರು ನಂಬುತ್ತಾರೆ ನೋಡಿ.

ಪ್ರಶ್ನೆ: ಉಡುಪಿಯಲ್ಲಿ ನೆಲಮಹಡಿಯ ಫ್ಲ್ಯಾಟ್ ನಮ್ಮದು. ಕಾರು ಬೇಸ್‌ಮೆಂಟಿನಲ್ಲಿ ನಿಲ್ಲುತ್ತದೆ. ಪೇಟೆಯವರಿಗೂ ಇದೆಲ್ಲ ಬೇಕೇ?
(ಉಡುಪಿಯ ಓದುಗರು)

ಉತ್ತರ: ಬೇಕು. 2020ರ ಸೆಪ್ಟೆಂಬರ್ 20ರ ಬೆಳಗ್ಗೆ ನಿಮ್ಮ ಕಲ್ಸಂಕ, ಬನ್ನಂಜೆಯಲ್ಲಿ ಏನಾಯಿತು ಅಂತ ಅಕ್ಕಪಕ್ಕದವರನ್ನು ಕೇಳಿ. ಮಲಗಿದ್ದವರು ಎದ್ದು ಕಾಲಿಟ್ಟದ್ದು ನೀರಿಗೆ. ಜೋರು ಮಳೆಯ ಮುನ್ಸೂಚನೆ ಇದ್ದ ಸಂಜೆಯೇ ಕಾರನ್ನು ಎತ್ತರದ ರಸ್ತೆಗೆ ತಂದು ನಿಲ್ಲಿಸಿ. ನೀರು ತುಂಬಿದ ಬೇಸ್‌ಮೆಂಟಿಗೆ ಕಾರು ತರಲು ಇಳಿಯಲೇಬೇಡಿ, ಅಲ್ಲಿ ಕರೆಂಟಿನ ಪ್ಯಾನೆಲ್ ಇರುತ್ತದೆ, ಹೊರಬರುವ ದಾರಿ ಒಂದೇ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ ನೋಡಬಾರದು. ಇಂಜಿನ್ನಿಗೆ ನೀರು ಎಳೆದುಕೊಂಡರೆ ಒಳಗಿನ ರಾಡ್ ಬಾಗುತ್ತದೆ, ಆ ಖರ್ಚನ್ನು ಮಾಮೂಲಿ ವಿಮೆಯಲ್ಲಿ ಕೊಡುವುದು ಕಷ್ಟ. ಬರೀ ಥರ್ಡ್ ಪಾರ್ಟಿ ವಿಮೆಯಾದರೆ ನೆರೆಗೆ ಏನೂ ಸಿಗುವುದಿಲ್ಲ. ಪಾಲಿಸಿ ತೆಗೆದು ಇವತ್ತೇ ಓದಿ.

ಪ್ರಶ್ನೆ: ನಾವು ಉಳ್ಳಾಲದ ಕಡೆಯ ಮೀನುಗಾರರು. ನಮಗೆ ಹೊಳೆಯ ಭಯವಿಲ್ಲ, ಕಡಲಿನದ್ದೇ. ನಮ್ಮ ಹಿಂದಿನ ಸಾಲಿನ ತೆಂಗಿನಮರಗಳು ಆಗಲೇ ಹೋದವು. ಬಲೆ, ಇಂಜಿನ್, ಮನೆ ಸಾಮಾನು ಎಲ್ಲಿ ಇಡುವುದು?
(ದಕ್ಷಿಣ ಕನ್ನಡದ ಓದುಗರು)

ಉತ್ತರ: ಅಣ್ಣ, ಹೊಳೆಯ ನೆರೆ ಸಾಮಾನು ಒದ್ದೆ ಮಾಡುತ್ತದೆ, ಕಡಲ್ಕೊರೆತ ಕೆಳಗಿನ ನೆಲವನ್ನೇ ಒಯ್ಯುತ್ತದೆ. ಹಾಗಾಗಿ ಎತ್ತರಕ್ಕೆ ಏರಿಸುವ ಉಪಾಯ ನಿಮಗೆ ಆಗುವುದಿಲ್ಲ. ಸಾಮಾನು ರಸ್ತೆ ದಾಟಿ ಒಳಗೆ ಹೋಗಬೇಕು. ಮೊದಲು ಹೋಗಬೇಕಾದದ್ದು ಬಲೆ ಮತ್ತು ಔಟ್‌ಬೋರ್ಡ್ ಇಂಜಿನ್, ಯಾಕೆಂದರೆ ಮನೆ ನಡೆಯುವುದು ಅದರಿಂದ. ಟಿವಿ, ಮಂಚ ಆಮೇಲೆ.

ಮಳೆಗಾಲ ಶುರುವಾದ ಮೇಲೆ ನೋಡೋಣ ಅನ್ನಬೇಡಿ. ತೌಕ್ತೆ ಚಂಡಮಾರುತ ಬಂದದ್ದು 2021ರ ಮೇ ತಿಂಗಳ ಮಧ್ಯದಲ್ಲಿ, ಮುಂಗಾರಿಗೂ ಮೊದಲು. ಅದು ನಮ್ಮ ದಡಕ್ಕೆ ಅಪ್ಪಳಿಸಲೇ ಇಲ್ಲ, ದೂರದಲ್ಲೇ ಗುಜರಾತಿನ ಕಡೆ ಹೋಯಿತು. ಆದರೂ ಉಳ್ಳಾಲದಿಂದ ಉತ್ತರ ಕನ್ನಡದವರೆಗೆ ಅಲೆಗಳು ಮನೆ ಬಾಗಿಲಿಗೆ ಬಂದವು. ಗಾಳಿ ಮಳೆ ಇಲ್ಲದ ದಿನವೂ ದೂರದ ಸಮುದ್ರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ಹೊಡೆಯುವುದುಂಟು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ. ನಿಮ್ಮ ಮೀನುಗಾರರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ದಿನಾ ಅದನ್ನು ನೋಡಿ ಹಾಕಲಿ.

ರಾತ್ರಿ ಗೋಡೆಯ ಬುಡದಲ್ಲಿ ಮರಳು ಸರಿದು ಪಂಚಾಂಗದ, ಅಂದರೆ ಅಡಿಪಾಯದ, ಕಲ್ಲು ಕಾಣಿಸಿದರೆ ಒಳಗಿನ ಸಾಮಾನಿನ ಆಸೆ ಬಿಡಿ. ಮರಳಿನ ಚೀಲ ಇಟ್ಟು ತಡೆಯುವ ಹೊತ್ತು ಅದಲ್ಲ.

ನಿಮ್ಮ ಪತ್ರದ ತೆಂಗಿನಮರದ ಸಾಲು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮರ ಬಿದ್ದ ಜಾಗ, ಮನೆಯಿಂದ ಕಡಲಿಗೆ ಈಗಿರುವ ದೂರ, ಇವನ್ನು ಫೋಟೊ ತೆಗೆದು ಪಂಚಾಯಿತಿಗೆ ಅಥವಾ ನಗರಸಭೆಗೆ, ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪ್ರತಿ ವರ್ಷ ಕೊಡಿ. ಮನೆ ಹೋದ ಮೇಲೆ "ಇಲ್ಲಿ ಜಾಗ ಇತ್ತು" ಅಂತ ತೋರಿಸಲು ನೆಲವೇ ಇರುವುದಿಲ್ಲವಲ್ಲ.

ಪ್ರಶ್ನೆ: ನಾನು ಮುಂಬಯಿಯಲ್ಲಿದ್ದೇನೆ. ಅಪ್ಪ ಅಮ್ಮ ಅಂಕೋಲಾದಲ್ಲಿ ಗಂಗಾವಳಿ ದಂಡೆಯ ಮನೆಯಲ್ಲಿ ಇಬ್ಬರೇ. 2019ರಲ್ಲೂ 2021ರಲ್ಲೂ ನೀರು ಬಂತು. ಅಪ್ಪ ಕಾಳಜಿ ಕೇಂದ್ರಕ್ಕೆ ಹೋಗಲು ಒಪ್ಪುವುದಿಲ್ಲ. "ಇಷ್ಟು ನೆರೆ ಕಂಡಿದ್ದೇನೆ" ಅಂತಾರೆ. ಇಲ್ಲಿಂದ ನಾನು ಏನು ಮಾಡಲಿ?
(ಮುಂಬಯಿಯ ಓದುಗರು)

ಉತ್ತರ: ಹಿರಿಯರು ಕಾಳಜಿ ಕೇಂದ್ರ ಬೇಡ ಅನ್ನುವುದಕ್ಕೆ ಧೈರ್ಯ ಮಾತ್ರ ಕಾರಣವಲ್ಲ. ಶಾಲೆಯ ಕೋಣೆಯಲ್ಲಿ ಹತ್ತಾರು ಜನರ ನಡುವೆ ಮಲಗುವುದು, ರಾತ್ರಿ ಕತ್ತಲೆಯಲ್ಲಿ ಪಾಯಿಖಾನೆ ಹುಡುಕುವುದು, ಯಾರದೋ ಕೈಯಿಂದ ಊಟ ಇಸಿದುಕೊಳ್ಳುವುದು. ಒಂದು ಮನೆಗೆ ಯಜಮಾನರಾಗಿ ಬದುಕಿದವರಿಗೆ ಇದು ತುಂಬಾ ನೋವು ಕೊಡುತ್ತದೆ. "ಹೋಗಿ, ಹೋಗಿ" ಅಂತ ಫೋನಿನಲ್ಲಿ ಕೂಗಿದರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಅದರ ಬದಲು ಎತ್ತರದಲ್ಲಿರುವ ಸೋದರತ್ತೆಯ ಮನೆಯೋ, ಹಳೆಯ ಸ್ನೇಹಿತರ ಮನೆಯೋ ನೀವೇ ಮಾತಾಡಿ ಗೊತ್ತು ಮಾಡಿ. ಅವರಿಂದಲೇ ಅಪ್ಪನಿಗೆ ಫೋನ್ ಮಾಡಿಸಿ, "ನಾಲ್ಕು ದಿನ ಬಂದು ಇರು ಮಾರಾಯ" ಅಂತ ಹೇಳಿಸಿ. ನೆರೆಗೆ ಹೆದರಿ ಹೊರಟೆ ಅನ್ನುವುದಕ್ಕಿಂತ ಕರೆದರು ಅಂತ ಹೋದೆ ಅನ್ನುವುದು ಅವರಿಗೆ ಸುಲಭ.

"ಇಷ್ಟು ನೆರೆ ಕಂಡಿದ್ದೇನೆ" ಅನ್ನುವ ಮಾತಿಗೆ ನಾನು ಗೌರವ ಕೊಡುತ್ತೇನೆ. ಆದರೆ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೇ ಬಿತ್ತು. ಆ ಮಣ್ಣಿಗೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೆ ಹೋಯಿತು. ಅದನ್ನು ಯಾವ ಅಜ್ಜನೂ ಕಂಡಿರಲಿಲ್ಲ. ಇದನ್ನು ಅಪ್ಪನಿಗೆ ಮೆಲ್ಲಗೆ ಹೇಳಿ.

ಮುಂಬಯಿಯಿಂದ ಮಾಡಬಹುದಾದ ಕೆಲಸ ಬೇರೆಯೂ ಇದೆ. ಊರಿನಲ್ಲಿ ದೋಣಿ ಇರುವವರೊಬ್ಬರ, ಪಕ್ಕದ ಮನೆಯ ಹುಡುಗನೊಬ್ಬನ ನಂಬರ್ ಇಟ್ಟುಕೊಳ್ಳಿ. ನೆರೆಯ ದಿನ ಅಪ್ಪನ ಫೋನಿಗೆ ಪದೇ ಪದೇ ಕರೆ ಮಾಡಬೇಡಿ. ಕರೆಂಟು ಹೋಗಿರುತ್ತದೆ, ನಿಮ್ಮ ಕರೆಗಳಿಂದಲೇ ಬ್ಯಾಟರಿ ಮುಗಿಯುತ್ತದೆ. ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಬೇರೆ ಜಿಲ್ಲೆಯಿಂದ ಮಾಡುವಾಗ ಮೊದಲು ಎಸ್‌ಟಿಡಿ ಕೋಡ್ ಒತ್ತಬೇಕು, ಕಾರವಾರದ್ದು 08382. ನೀವು ಊರಿಗೆ ಹೊರಟರೆ ಹೆದ್ದಾರಿಯಲ್ಲಿ ಗುಡ್ಡ ಕಡಿದ ಜಾಗದಲ್ಲಿ ಚಾ ಕುಡಿಯಲು, ಟ್ರಾಫಿಕ್ ಬಿಡಲಿ ಅಂತ ಕಾಯಲು ಗಾಡಿ ನಿಲ್ಲಿಸಬೇಡಿ.

ಪ್ರಶ್ನೆ: ಹೋದ ಸಲ ನೀರು ಇಳಿದ ಮೇಲೆ ಮನೆ ತೊಳೆದು ಒಪ್ಪ ಮಾಡಿದೆವು. ಆಮೇಲೆ ಮಹಜರಿಗೆ ಬಂದವರು "ಹಾನಿ ಕಾಣುವುದಿಲ್ಲ" ಅಂದರು. ಪರಿಹಾರ ಸಿಗಲಿಲ್ಲ. ಹಾಗಂತ ಕೆಸರಿನಲ್ಲೇ ಕೂರಬೇಕಿತ್ತೇ?
(ಕಾರವಾರ ತಾಲೂಕಿನ ಓದುಗರು, ಕಾಳಿ ದಂಡೆ)

ಉತ್ತರ: ಕೂರಬಾರದು. ಕೆಸರು ಒಣಗಿದರೆ ಗೋಡೆ, ನೆಲದಿಂದ ಕೆರೆದರೂ ಬಿಡುವುದಿಲ್ಲ. ನೀರು ಇಳಿಯುತ್ತಾ ಹೊಸ್ತಿಲಿನ ಮಟ್ಟಕ್ಕೆ ಬಂದಾಗ ಅದೇ ನೀರಿನ ಜೊತೆ ಹಿಡಿಕಟ್ಟಿನಿಂದ (ಕಸಬರಿಕೆಯಿಂದ) ಕೆಸರನ್ನು ಹೊರಗೆ ತಳ್ಳಬೇಕು, ಹೊಳೆಸಾಲಿನ ಹೆಂಗಸರಿಗೆ ಇದು ಗೊತ್ತು. ಮನೆ ಗಟ್ಟಿಯಿದ್ದು, ಮೇನ್ ಸ್ವಿಚ್ ಆಫ್ ಇದ್ದರೆ ಮಾತ್ರ ಒಳಗೆ ಹೋಗಿ. ಕಾಲಿಗೆ ಗಂಬೂಟು ಹಾಕಿ, ಮೊದಲು ಉದ್ದ ಕೋಲಿನಿಂದ ಮೂಲೆ ತಡಕಿ, ಕೊಳಕುಮಂಡಲ ಸೇರಿಕೊಂಡಿರಬಹುದು. ಕಾಲಿನಲ್ಲಿ ಗಾಯ ಇದ್ದರೆ ಕೆಸರಿಗೆ ಇಳಿಯಬೇಡಿ, ಇಲಿ ಜ್ವರ ಬರುವುದು ಹೀಗೆಯೇ. ಆಶಾ ಕಾರ್ಯಕರ್ತೆಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರೆಗೆ ಆ ನೀರು ಕುಡಿಯಬೇಡಿ, ಆಮೇಲೂ ಕುದಿಸಿಯೇ ಕುಡಿಯಿರಿ.

ತೊಳೆಯುವ ಮೊದಲು ಮಾಡಬೇಕಾದದ್ದು ಫೋಟೊ, ವಿಡಿಯೊ. ಹೊರಗಿನಿಂದ ಮನೆ ಪೂರ್ತಿ ಕಾಣುವ ಹಾಗೆ ಒಂದು, ಗೋಡೆಯಲ್ಲಿ ನೀರು ನಿಂತ ಕಲೆ ಕಾಣುವ ಹಾಗೆ ಒಂದು. ಆ ಕಲೆಯ ಪಕ್ಕ ಮನೆಯವರೊಬ್ಬರು ನಿಲ್ಲಲಿ, ಎತ್ತರ ತಿಳಿಯುತ್ತದೆ. ಬಿರುಕು ಬಿಟ್ಟ ಗೋಡೆಯದ್ದು ಹತ್ತಿರದಿಂದಲೂ ದೂರದಿಂದಲೂ. ಹಾಳಾದ ಅಕ್ಕಿ, ಹಾಸಿಗೆ, ಮಿಕ್ಸಿ ಎಲ್ಲ ಅಂಗಳದಲ್ಲಿ ಹರಡಿ ಒಂದು. ಅದೇ ದಿನ ಗ್ರಾಮ ಆಡಳಿತಾಧಿಕಾರಿಗೆ (ಮೊದಲಿನ ಗ್ರಾಮ ಲೆಕ್ಕಿಗರಿಗೆ) ಬರವಣಿಗೆಯಲ್ಲಿ ತಿಳಿಸಿ. ದನ ಸತ್ತಿದ್ದರೆ ಹೂಳುವ ಮೊದಲು ಪಶು ವೈದ್ಯರಿಂದ ಸರ್ಟಿಫಿಕೇಟ್ ಬೇಕು, ಅದಿಲ್ಲದೆ ಪರಿಹಾರವಿಲ್ಲ.

ಎಷ್ಟು ಹಾನಿ ಅನ್ನುವುದರ ಮೇಲೆ ಮನೆ ಹಾನಿಯನ್ನು ಎ, ಬಿ, ಸಿ ಅಂತ ವರ್ಗ ಮಾಡುತ್ತಾರೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು, ಬಟ್ಟೆ ಪಾತ್ರೆ ಹಾಳಾದ ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ. ಮೊತ್ತ ಆಗಾಗ ಬದಲಾಗುತ್ತದೆ, ಆದರೆ ನಿಮ್ಮ ಮನೆ ಯಾವ ವರ್ಗ ಅನ್ನುವ ಒಂದಕ್ಷರದ ಮೇಲೆ ಲಕ್ಷಗಳು ನಿಂತಿರುತ್ತವೆ. ಮಹಜರಿಗೆ ಸಹಿ ಹಾಕುವ ಮೊದಲು ಅದನ್ನು ಓದಿ, ಓದಲು ಬಾರದವರು ಓದಿಸಿ ಕೇಳಿ. ಯಾವ ಗೋಡೆ ಬಿದ್ದಿದೆ ಅಂತ ಅದರಲ್ಲಿ ಬರೆದಿದೆಯೇ ನೋಡಿ. ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿ ಅಂತ ಹೇಳಿ, ಅದು ನಿಮ್ಮ ಹಕ್ಕು. ಮಳೆಯಲ್ಲಿ ಮನೆಯಿಂದ ಮನೆಗೆ ಓಡುವ ಆ ಸಿಬ್ಬಂದಿಗೂ ದಣಿವಿರುತ್ತದೆ, ಕೇಳಿದರೆ ಬರೆಯುತ್ತಾರೆ.

ಈಗಲೂ ನಿಮ್ಮ ಹತ್ತಿರ ಹೋದ ಸಲದ ಫೋಟೊ ಇದ್ದರೆ, ಅಕ್ಕಪಕ್ಕದ ಮನೆಗೆ ಪರಿಹಾರ ಸಿಕ್ಕಿದ್ದರೆ, ಆ ವಿವರ ಸೇರಿಸಿ ತಹಶೀಲ್ದಾರರಿಗೆ ಮರುಪರಿಶೀಲನೆ ಅರ್ಜಿ ಕೊಡಿ. ಹಾಗೆಯೇ ಬ್ಯಾಂಕಿಗೆ ಹೋಗಿ ನಿಮ್ಮ ಖಾತೆ ಚಾಲ್ತಿಯಲ್ಲಿದೆಯೇ, ಆಧಾರ್ ಜೋಡಣೆ ಆಗಿದೆಯೇ ವಿಚಾರಿಸಿ. ಪರಿಹಾರ ಮಂಜೂರಾಗಿಯೂ ಖಾತೆ ನಿಂತುಹೋದದ್ದಕ್ಕೆ ಹಣ ವಾಪಸ್ ಹೋದ ಮನೆಗಳಿವೆ. ಇದನ್ನು ಜೂನ್ ಒಳಗೆ ಮುಗಿಸಿಕೊಳ್ಳಿ.